ಎಷ್ಟು ಗ್ರಾಂ ಇತ್ತಮ್ಮಾ?

ಬೆರಳಚ್ಚಿನವರು ಬೀರುವಿನ ಬಾಗಿಲಿಗೆ ಪುಡಿ ಸವರಿ ಹೋಗಿದ್ದರು. ಮಂಚದ ಮೇಲೆ ರೇಷ್ಮೆ ಸೀರೆಗಳ ರಾಶಿ, ನೆಲದ ಮೇಲೆ ಎಲ್‌ಐಸಿ ಬಾಂಡುಗಳು, ಯಾರದೋ ಜಾತಕ, ಬಾಯಿ ತೆರೆದು ಬಿದ್ದ ಕೆಂಪು ವೆಲ್ವೆಟ್ ಡಬ್ಬಿಗಳು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ತೊಗರಿಬೇಳೆ ಚೆಲ್ಲಿತ್ತು. ಬೀರುವಿನ ಬೀಗದ ಕೈಯನ್ನು ತುಮಕೂರಿನ ನಮ್ಮ ಚಿಕ್ಕಮ್ಮ ಮೂವತ್ತು ವರ್ಷಗಳಿಂದ ಆ ಬೇಳೆ ಡಬ್ಬಿಯ ತಳದಲ್ಲಿ ಇಡುತ್ತಿದ್ದರು. ಮನೆಯ ಗಂಡಸರಿಗೂ ಗೊತ್ತಿಲ್ಲದ ಜಾಗ ಅದು. ಹಾಸನದಲ್ಲಿ ಮದುವೆ ಮುಗಿಸಿಕೊಂಡು ಎರಡು ದಿನ ಬಿಟ್ಟು ಬಂದು ನೋಡಿದರೆ ಬೀರುವಿಗೆ ಒಂದು ಗೀರೂ ಬಿದ್ದಿರಲಿಲ್ಲ. ಬೀಗದ ಕೈ ಬಾಗಿಲಲ್ಲೇ ನೇತಾಡುತ್ತಿತ್ತು.

ಹೆಡ್ ಕಾನ್‌ಸ್ಟೆಬಲ್ ಒಬ್ಬರು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ದೂರು ಬರೆದುಕೊಳ್ಳುತ್ತಿದ್ದರು.

'ಎಷ್ಟು ಗ್ರಾಂ ಇತ್ತಮ್ಮಾ?'

'ಅವಲಕ್ಕಿ ಸರ ನಮ್ಮತ್ತೆ ಹಾಕಿದ್ದು. ನಾಲ್ಕು ಪವನು ಅಂತಿದ್ರು.'

'ಅಂದ್ರೆ ಮೂವತ್ತೆರಡು ಗ್ರಾಂ. ಬಿಲ್ ಇದೆಯಾ?'

'ಅವರ ಮದುವೇಲಿ ಮಾಡಿಸಿದ್ದಂತೆ. ಬಿಲ್ ಎಲ್ಲಿಂದ ತರ್ಲಪ್ಪಾ?'

'ಫೋಟೋ?'

ಚಿಕ್ಕಮ್ಮ ಬಹಳ ಹೊತ್ತು ಯೋಚಿಸಿದರು. 'ನಮ್ಮ ಹುಡುಗಿ ಸೀಮಂತದ್ದಿದೆ. ಆದ್ರೆ ಅದರಲ್ಲಿ ಸೆರಗು ಮುಚ್ಚಿಬಿಟ್ಟಿದೆ.'

ಹೀಗೇ ಒಂದೂವರೆ ಗಂಟೆ ನಡೆಯಿತು. ಸರದ ಕೊಂಡಿ ಸಡಿಲವಾಗಿ ತಾವೇ ಕೆಂಪು ದಾರ ಸುತ್ತಿದ್ದು ಅವರಿಗೆ ನೆನಪಿತ್ತು. ಜುಮುಕಿಯ ಒಂದು ಮುತ್ತು ಯಾರ ಮದುವೆಯಲ್ಲಿ ಉದುರಿತು ಎಂಬುದೂ ನೆನಪಿತ್ತು. ಒಟ್ಟು ತೂಕ ಎಷ್ಟು, ಬಳೆ ನಾಲ್ಕೋ ಆರೋ ಎಂಬಲ್ಲಿಗೆ ಬಂದರೆ ಚಿಕ್ಕಪ್ಪನಿಗೂ ಅವರಿಗೂ ತಾಳೆ ಬೀಳುತ್ತಿರಲಿಲ್ಲ. ಕಳ್ಳನಿಗೆ ಮಾತ್ರ ಆ ಹೊತ್ತಿಗೆ ಎಲ್ಲವೂ ಗ್ರಾಂ ಲೆಕ್ಕದಲ್ಲಿ ಗೊತ್ತಿದ್ದಿರಬೇಕು.

ಅಂದಿನಿಂದ ನನಗೆ ಒಂದು ವಿಷಯ ಕೊರೆಯುತ್ತಲೇ ಇದೆ. ಒಡವೆ ಕಾಯುವುದು ಎಂದರೆ ನಾವು ಬಲ್ಲದ್ದು ಬಚ್ಚಿಡುವುದೊಂದೇ. ಬಚ್ಚಿಟ್ಟಿದ್ದು ಕಳ್ಳನಿಗೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಪೊಲೀಸು, ಬ್ಯಾಂಕು, ವಿಮೆ, ಕೋರ್ಟು ಯಾರಿಗೂ ಆಮೇಲೆ ಅದರ ಗುರುತು ಸಿಗುವುದಿಲ್ಲ.

ಗೋಡೆ ಕೊರೆದ ಕಾಲ

ಪತ್ರಿಕೆಗಳು ಈಗಲೂ 'ಮನೆಗೆ ಕನ್ನ' ಎಂದೇ ತಲೆಬರಹ ಕೊಡುತ್ತವೆ. ಠಾಣೆಯ ಕಡತದಲ್ಲೂ 'ಹಗಲು ಕನ್ನ ಕಳವು', 'ರಾತ್ರಿ ಕನ್ನ ಕಳವು' ಎಂಬ ವಿಂಗಡಣೆ ಇದೆ. ಕನ್ನ ಎಂದರೆ ಗೋಡೆಗೆ ಕೊರೆದ ತೂತು. ಮಣ್ಣಿನ ಗೋಡೆಯ ಕಾಲದಲ್ಲಿ ಬಾಗಿಲಿಗೆ ಎಂಥ ಅಗಳಿ ಹಾಕಿದರೂ ಕಳ್ಳ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಹಿತ್ತಲ ಗೋಡೆಗೆ ನೀರು ಸುರಿದು, ಮೆತ್ತಗಾದ ಮೇಲೆ ಕೊರೆದು ಒಳಗೆ ನುಗ್ಗುತ್ತಿದ್ದ.

ಈ ವಿದ್ಯೆಯ ಮರೆಯಲಾಗದ ಚಿತ್ರ ಇರುವುದು ಶೂದ್ರಕನ 'ಮೃಚ್ಛಕಟಿಕ' ನಾಟಕದ ಮೂರನೆಯ ಅಂಕದಲ್ಲಿ. ಶರ್ವಿಲಕ ಕಳ್ಳನೂ ಹೌದು, ಬ್ರಾಹ್ಮಣನೂ ಹೌದು. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಗೋಡೆ ಅಳೆಯುತ್ತಾನೆ. ಯಾವ ಆಕಾರದ ಕನ್ನ ಈ ಗೋಡೆಗೆ ಒಪ್ಪುತ್ತದೆ ಎಂದು ಯೋಚಿಸಿ, ಕೊನೆಗೆ ಪೂರ್ಣಕುಂಭದ ಆಕಾರ ಆರಿಸಿಕೊಳ್ಳುತ್ತಾನೆ. ಒಳಗೆ ಮನೆಯೊಡೆಯ ಚಾರುದತ್ತನ ಗೆಳೆಯ ಮೈತ್ರೇಯ, ಗಣಿಕೆ ವಸಂತಸೇನೆ ನಂಬಿ ಇಟ್ಟ ಒಡವೆಯ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಾನೆ. ನಿದ್ದೆಯಲ್ಲಿ ಕನವರಿಸುತ್ತಾ, ಇದನ್ನು ನೀನೇ ಇಟ್ಟುಕೋ ಎಂದು ಆಣೆಯಿಟ್ಟು ಗಂಟನ್ನು ಕಳ್ಳನ ಕೈಗೇ ಕೊಡುತ್ತಾನೆ! ಚಿಕ್ಕಮ್ಮನ ಬೇಳೆ ಡಬ್ಬಿಗೂ ಮೈತ್ರೇಯನ ಕನವರಿಕೆಗೂ ನನಗೆ ಬಹಳ ವ್ಯತ್ಯಾಸ ಕಾಣಲಿಲ್ಲ.

ಎಲ್ಲರೂ ನಗುವ ದೃಶ್ಯ ಇದು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅದರ ನಂತರದ ಭಾಗ. ಎಚ್ಚರಗೊಂಡ ಚಾರುದತ್ತನಿಗೆ ಒಡವೆ ಹೋದದ್ದಕ್ಕಿಂತ ದೊಡ್ಡ ಚಿಂತೆ, ಕಳವಾಯಿತು ಎಂದರೆ ಯಾರು ನಂಬುತ್ತಾರೆ ಎಂಬುದು. ಬಡವ ಬೇರೆ, ತಾನೇ ತಿಂದು ಹಾಕಿದ ಎನ್ನುತ್ತದೆ ಊರು. ಅವನ ಹೆಂಡತಿ ತನ್ನ ಮುತ್ತಿನ ಹಾರ ತೆಗೆದುಕೊಟ್ಟು ಮಾನ ಉಳಿಸಬೇಕಾಗುತ್ತದೆ. ಒಂಬತ್ತನೆಯ ಅಂಕಕ್ಕೆ ಬಂದರೆ ವಸಂತಸೇನೆಯ ಒಡವೆಗಳು ನ್ಯಾಯಾಲಯದಲ್ಲಿ ಅವನ ವಿರುದ್ಧವೇ ಸಾಕ್ಷಿ ಹೇಳುತ್ತವೆ.

ಮನೆ ಆಡುವ ಮಾತು

ಇಟ್ಟಿಗೆ, ಸಿಮೆಂಟು ಬಂದ ಮೇಲೆ ಗೋಡೆ ಕೊರೆಯುವ ಕಸುಬು ಹೋಯಿತು, ಹೆಸರು ಉಳಿಯಿತು. ಈಗ ಬಾಗಿಲೇ ದಾರಿ. ಯಾವ ಬಾಗಿಲು ಎಂಬುದನ್ನು ಮನೆಯೇ ಹೇಳುತ್ತದೆ. ನಮ್ಮ ಕಡೆ ಅಂಗಳದ ರಂಗೋಲಿಗಿಂತ ದೊಡ್ಡ ಹಾಜರಿ ಪುಸ್ತಕ ಇಲ್ಲ. ಬೆಳಿಗ್ಗೆ ಎಂಟಾದರೂ ಹೊಸ್ತಿಲು ತೊಳೆಯದ ಮನೆ, ನಿನ್ನೆಯ ರಂಗೋಲಿ ಮಾಸಿದ ಮನೆ, ಗೇಟಿಗೆ ಸಿಕ್ಕಿಸಿದ ಎರಡು ದಿನದ ಪೇಪರು, ಹಗಲಲ್ಲೂ ಉರಿಯುವ ವರಾಂಡದ ಲೈಟು. ರಾತ್ರಿ ದೀಪ ಇರಲಿ ಎಂದು ಹಾಕಿಹೋದ ಆ ಲೈಟೇ ಮಧ್ಯಾಹ್ನ ಹನ್ನೆರಡಕ್ಕೆ 'ಯಾರೂ ಇಲ್ಲ, ಬನ್ನಿ' ಎಂದು ಕರೆಯುತ್ತಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮುಂಬಾಗಿಲಿಗೆ ನೇತುಹಾಕಿದ ದಪ್ಪ ಬೀಗ. ಬೀಗ ದೊಡ್ಡದಾದಷ್ಟೂ ಸುದ್ದಿ ದೂರಕ್ಕೆ ಮುಟ್ಟುತ್ತದೆ.

ಬಡಗಿಗಳನ್ನು ಕೇಳಿ ನೋಡಿ. ಬೀಗ ಒಡೆಯುವ ಕಳ್ಳ ಕಡಿಮೆ ಎನ್ನುತ್ತಾರೆ. ಅವನು ಮೀಟುವುದು ಚಿಲಕವನ್ನು. ಎರಡು ಸಾವಿರ ಕೊಟ್ಟು ತಂದ ಬೀಗವನ್ನು ಅರ್ಧ ಇಂಚಿನ ನಾಲ್ಕು ಸ್ಕ್ರೂಗಳಲ್ಲಿ ನಿಂತ ಕೊಂಡಿಗೆ ಸಿಕ್ಕಿಸಿದರೆ, ಕಬ್ಬಿಣದ ರಾಡಿಗೆ ಅದು ಒಂದು ನಿಮಿಷದ ಕೆಲಸ. ಬೀಗ ಹಾಗೇ ಇರುತ್ತದೆ, ಸ್ಕ್ರೂ ಸಮೇತ ಕೊಂಡಿ ಕಿತ್ತು ಬರುತ್ತದೆ. ಕೊಂಡಿಗೆ ಮರದ ಆಚೆ ಬದಿಗೆ ನಟ್ಟು ಬಿಗಿದ ಬೋಲ್ಟು ಇರಬೇಕು. ಹೊರಗೆ ಬೀಗ ಕಾಣದ ಒಳಲಾಕು ಇದ್ದರೆ ಮನೆ ಖಾಲಿ ಎಂದು ಡಂಗುರ ಸಾರಿದಂತಾಗುವುದಿಲ್ಲ. ಹೊರಗಡೆಗೊಂದು ಕಬ್ಬಿಣದ ಗ್ರಿಲ್ ಬಾಗಿಲಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅದನ್ನು ಸದ್ದಿಲ್ಲದೆ ಮೀಟಲಾಗದು. ಮುಂಬಾಗಿಲಿಗೆ ತೇಗ ಹಾಕಿಸಿ ಹಿತ್ತಲ ಬಾಗಿಲಿಗೆ ಪ್ಲೈವುಡ್ ಹೊಡೆಸುವ ನಮ್ಮ ಪದ್ಧತಿಯಂತೂ ನೆಂಟರಿಗೆ ಒಂದು ಮರ್ಯಾದೆ, ಕಳ್ಳರಿಗೆ ಇನ್ನೊಂದು.

ಇನ್ನು ಬೀಗದ ಕೈ. ತುಳಸಿಕಟ್ಟೆಯ ಗೂಡು, ಚಪ್ಪಲಿ ಗೂಡಿನ ಹಳೆಯ ಶೂ, ಕರೆಂಟು ಮೀಟರಿನ ಡಬ್ಬಿ, ಬಾಗಿಲ ಮೇಲಿನ ದಂಡೆ: ಕರ್ನಾಟಕದ ಅರ್ಧ ಮನೆಗಳ ಬೀಗದ ಕೈ ಈ ನಾಲ್ಕು ಜಾಗದಲ್ಲೇ ಇರುತ್ತದೆ ಎಂದರೆ ಅತಿಶಯವಾಗಲಾರದು. ಇಲ್ಲೊಂದು ಕಾನೂನಿನ ಸ್ವಾರಸ್ಯವಿದೆ. 1860ರ ಭಾರತೀಯ ದಂಡ ಸಂಹಿತೆ ಕನ್ನ ಎಂದರೇನು ಎಂದು ವಿವರಿಸುವಾಗ ಉದಾಹರಣೆಗಳ ಒಂದು ಪಟ್ಟಿಯನ್ನೇ ಕೊಟ್ಟಿತು. ಗೋಡೆಗೆ ತೂತು ಕೊರೆದು ಕೈ ಹಾಕುವುದು, ಬಾಗಿಲ ಸಂದಿಯಲ್ಲಿ ತಂತಿ ತೂರಿಸಿ ಚಿಲಕ ಎತ್ತುವುದು, ಹಡಗಿನ ಕಿಂಡಿಯಿಂದ ನುಸುಳುವುದು. ಅದೇ ಪಟ್ಟಿಯಲ್ಲಿ ಇದೂ ಇದೆ: ಮನೆಯವನು ಕಳೆದುಕೊಂಡ ಬೀಗದ ಕೈ ಒಬ್ಬನಿಗೆ ಸಿಕ್ಕಿ, ಅದರಿಂದಲೇ ಬಾಗಿಲು ತೆರೆದು ಅವನು ಅತಿಕ್ರಮವಾಗಿ ಒಳಹೊಕ್ಕರೆ ಅದೂ ಕನ್ನವೇ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮು ಇದನ್ನೆಲ್ಲ ಮುಂದುವರಿಸಿದೆ. ಸೂರ್ಯ ಮುಳುಗಿ ಹುಟ್ಟುವುದರೊಳಗೆ ಕಳ್ಳತನಕ್ಕಾಗಿ ಹೀಗೆ ನುಗ್ಗಿದವನಿಗೆ 14 ವರ್ಷದವರೆಗೂ ಜೈಲಾಗಬಹುದು. ಕಾನೂನಿನ ಕಣ್ಣಿಗೆ ನೀವು ಹೊರಗಿಟ್ಟ ಬೀಗದ ಕೈಯಿಂದ ಬಂದವನೂ ಗೋಡೆ ಕೊರೆದು ಬಂದವನೂ ಒಂದೇ. ವಿಮಾ ಕಂಪನಿಯ ಕಣ್ಣಿಗೆ ಹಾಗಲ್ಲ. ಅದಕ್ಕೆ ಆಮೇಲೆ ಬರೋಣ.

ಬೀರು, ತಿಜೋರಿ, ಲಾಕರು

ಮರದ ಸಂದೂಕ, ಅಟ್ಟ, ಭತ್ತದ ಪತ್ತಾಯ, ಬಯಲುಸೀಮೆಯ ಹಗೇವು ಇವೆಲ್ಲ ಕಾಳಿನ ಜೊತೆ ಚಿನ್ನವನ್ನೂ ಕಾದಿವೆ. ಆಮೇಲೆ ಬಂದದ್ದು ಉಕ್ಕಿನ ಬೀರು. 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಸಲು ಶುರುಮಾಡಿದ ಗಾಡ್ರೇಜ್ ಕಂಪನಿಯ ಹೆಸರು ಎಷ್ಟು ಒಳಹೊಕ್ಕಿತೆಂದರೆ, ಪಕ್ಕದ ಬೀದಿಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದಕ್ಕೂ 'ಗಾಡ್ರೇಜ್ ಬೀರು' ಎನ್ನುವುದೇ ರೂಢಿಯಾಯಿತು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟ ಬೀರು, ಅದರ ಒಳಗೊಂದು ಲಾಕರು, ಲಾಕರಿನ ಒಳಗೊಂದು ಕಳ್ಳಗೂಡು. ಕಳ್ಳಗೂಡು ಎಂಬ ಹೆಸರನ್ನು ಯಾರಿಟ್ಟರೋ, ಸರಿಯಾಗೇ ಇಟ್ಟಿದ್ದಾರೆ. ತೆಳು ತಗಡಿನ ಬಟ್ಟೆ ಬೀರು ರಾಡಿಗೆ ಬಗ್ಗುವಂಥದ್ದು. ತಿಜೋರಿ ಎಂದು ಅದನ್ನು ನಂಬುವುದು ತಪ್ಪು.

ಈಗ ನಂಬರ್ ಒತ್ತಿದರೆ ತೆರೆಯುವ ಪುಟ್ಟ ಸೇಫುಗಳು ಬಂದಿವೆ. ಒಳ್ಳೆಯವೇ. ಆದರೆ ಗೋಡೆಗೋ ನೆಲಕ್ಕೋ ಬೋಲ್ಟು ಹಾಕಿ ಕೂರಿಸದಿದ್ದರೆ, ಒಡವೆಯನ್ನೆಲ್ಲ ಒಂದೇ ಡಬ್ಬಿಗೆ ತುಂಬಿ, ಹೊತ್ತೊಯ್ಯಲು ಹಿಡಿ ಮಾಡಿಕೊಟ್ಟಂತೆ. ಸಿಸಿಟಿವಿಯದೂ ಅದೇ ಕಥೆ. ನಾಲ್ಕು ಮೂಲೆಗೆ ಕ್ಯಾಮೆರಾ ಹಾಕಿಸಿ, ರೆಕಾರ್ಡಾಗುವ ಡಿವಿಆರ್ ಪೆಟ್ಟಿಗೆಯನ್ನು ಟೀವಿ ಕೆಳಗೆ ಇಟ್ಟರೆ ಕಳ್ಳ ಹೋಗುವಾಗ ತನ್ನ ಚಿತ್ರವನ್ನೂ ಜೊತೆಗೇ ತೆಗೆದುಕೊಂಡು ಹೋಗುತ್ತಾನೆ.

2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆ ನ್ಯಾಮತಿಯ ಬ್ಯಾಂಕೊಂದರಲ್ಲಿ ಹಾಗೇ ಆಯಿತು. ಕಿಟಕಿಯ ಸರಳು ಕಿತ್ತು ಒಳಹೊಕ್ಕವರು ಗ್ಯಾಸ್ ಕಟರ್‌ನಿಂದ ಲಾಕರು ಕೊಯ್ದು, ಗಿರಾಕಿಗಳು ಅಡವಿಟ್ಟ 17 ಕೆ.ಜಿ.ಗೂ ಹೆಚ್ಚು ಚಿನ್ನ ಹೊತ್ತರು. ಡಿವಿಆರ್ ಒಯ್ದರು, ನಾಯಿ ಮೂಸದಂತೆ ಖಾರದ ಪುಡಿ ಎರಚಿದರು. ಐದು ತಿಂಗಳ ಮೇಲೆ ಪೊಲೀಸರು ಅದರ ಬಹುಪಾಲನ್ನು ಎತ್ತಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಿಂದ. ಬಚ್ಚಿಡುವುದರಲ್ಲಿ ಕಳ್ಳರೂ ನಮ್ಮಂತೆಯೇ! ಆದರೆ ಆ ಚಿನ್ನಕ್ಕೂ ನಮ್ಮ ಮನೆಯ ಒಡವೆಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಅಡವಿಗೆ ಬಂದ ಚಿನ್ನ ಎಂದರೆ ಪ್ರತಿ ಪೊಟ್ಟಣದ ಮೇಲೂ ಯಾರದು, ಎಷ್ಟು ಗ್ರಾಂ, ಏನೇನು ಎಂಬ ಲೆಕ್ಕ. ನಮ್ಮ ಒಡವೆಯನ್ನು ಯಾರಾದರೂ ಸರಿಯಾಗಿ ತೂಗಿ ಬರೆದಿಟ್ಟಿದ್ದರೆ ಅದು ನಾವು ಸಾಲ ಕೇಳಲು ಹೋದ ದಿನವಷ್ಟೇ.

ಸಾಲಕ್ಕಲ್ಲದೆ ಕಾವಲಿಗೆ ಇಟ್ಟ ಚಿನ್ನದ ವಿಷಯ ಬೇರೆ. ಬ್ಯಾಂಕ್ ಲಾಕರಿನಲ್ಲಿ ನೀವೇನು ಇಟ್ಟಿದ್ದೀರಿ ಎಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅಮಿತಾಭ ದಾಸ್‌ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ, ಲಾಕರು ಕೊಟ್ಟ ಮೇಲೆ ಬ್ಯಾಂಕು ಕೈತೊಳೆದುಕೊಳ್ಳುವಂತಿಲ್ಲ ಎಂದಿತು. ಅದರ ಬೆನ್ನಿಗೇ ರಿಸರ್ವ್ ಬ್ಯಾಂಕು ತಂದ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ಎಂದಿಟ್ಟುಕೊಳ್ಳಿ. 3 ಲಕ್ಷ ಆಯಿತು. ಹತ್ತು ಗ್ರಾಂ ಚಿನ್ನ 2025ರಲ್ಲೇ ಲಕ್ಷ ದಾಟಿದೆ. ಆ ಲೆಕ್ಕದಲ್ಲಿ 30 ಗ್ರಾಂ, ಎಂದರೆ ಎರಡು ಬಳೆ. ಇಷ್ಟಾದರೂ ಲಾಕರು ಬೀರುವಿಗಿಂತ ಎಷ್ಟೋ ವಾಸಿ ಎನ್ನುವವನೇ ನಾನು. ಎರಡು ಬೀಗದ ಕೈ ಸೇರದೆ ಅದು ತೆರೆಯುವುದಿಲ್ಲ, ತೆರೆದಾಗಲೆಲ್ಲ ಮೊಬೈಲಿಗೆ ಸಂದೇಶ ಬರುತ್ತದೆ. ನೋಟಿನ ಕಟ್ಟು ಮಾತ್ರ ಅಲ್ಲಿಡುವಂತಿಲ್ಲ. ಮೊರಾದಾಬಾದಿನಲ್ಲಿ 2023ರಲ್ಲಿ ಮಗಳ ಮದುವೆಗೆಂದು ಲಾಕರಿನಲ್ಲಿಟ್ಟ 18 ಲಕ್ಷ ರೂಪಾಯಿಯನ್ನು ಗೆದ್ದಲು ತಿಂದು ಮುಗಿಸಿತ್ತು.

ಲಾಕರು ಇದ್ದೂ ಚಿಕ್ಕಮ್ಮ ಒಡವೆ ಕಳೆದುಕೊಂಡರು. ಮದುವೆಗೆಂದು ತೆಗೆದು ತಂದಿದ್ದರು. ಅದರಲ್ಲಿ ಹಾಕಿಕೊಂಡದ್ದು ಒಂದು ಸೆಟ್ಟು, ಉಳಿದದ್ದು ಬೀರುವಿನಲ್ಲಿ.

ಮುರಿದದ್ದಕ್ಕೆ ದುಡ್ಡು, ತೆರೆದದ್ದಕ್ಕೆ ಇಲ್ಲ

ವಿಮೆಯ ವಿಷಯಕ್ಕೆ ಬಂದರೆ ನಮ್ಮಲ್ಲಿ ಸ್ಕೂಟರಿಗೆ ಇರುವ ವಿಮೆ ಮನೆಗೆ ಇರುವುದಿಲ್ಲ. ಗೃಹಸಾಲದ ಜೊತೆಗೆ ಬಂದ ಪಾಲಿಸಿ ಇದ್ದರೂ ಅದರಲ್ಲಿ ಕಳವು ಸೇರಿದೆಯೇ ಎಂದು ನೋಡಿದವರು ಅಪರೂಪ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುವ 'ಭಾರತ್ ಗೃಹ ರಕ್ಷಾ' ಪಾಲಿಸಿ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪಕ್ಕೆ ಸಂಬಂಧಿಸಿದ್ದು. ಅಂಥ ಅನಾಹುತವಾಗಿ ಏಳು ದಿನದೊಳಗೆ ಕಳವಾದರೆ ಅದಕ್ಕೂ ಪರಿಹಾರ ಉಂಟು. ಬರೀ ಕನ್ನ ಕಳವಾದರೆ ಬೇರೆ ರಕ್ಷೆ ಸೇರಿಸಿಕೊಂಡಿರಬೇಕು.

ಸೇರಿಸಿಕೊಂಡಿದ್ದರೂ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುವ ಷರತ್ತು, ಬಲಪ್ರಯೋಗದಿಂದ ಒಳನುಗ್ಗಿರಬೇಕು ಎಂಬುದು. 2004ರಲ್ಲಿ ಹರ್‌ಚಂದ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಕೇಳಲಾಗದು ಎಂದು ತೀರ್ಮಾನಿಸಿತು. ಚಪ್ಪಲಿ ಗೂಡಿನ ಬೀಗದ ಕೈಯಿಂದ ಬಂದ ಕಳ್ಳ ಠಾಣೆಯಲ್ಲಿ ಕನ್ನಗಳ್ಳನಾದರೂ ವಿಮಾ ಕಚೇರಿಯಲ್ಲಿ ಬರೀ ಕಳ್ಳನಾಗಿಬಿಡಬಹುದು. ಮನೆಕೆಲಸದವರು ಕದ್ದದ್ದಕ್ಕೂ ಅನೇಕ ಪಾಲಿಸಿಗಳಲ್ಲಿ ಪರಿಹಾರ ಇಲ್ಲ. ಕಳ್ಳ ಸಿಗದೆ ಪೊಲೀಸರು 'ಸಿ' ರಿಪೋರ್ಟು ಹಾಕಿದರೆ ಅದರ ಪ್ರತಿಯನ್ನೂ ಕಂಪನಿ ಕೇಳುತ್ತದೆ. ಜೊತೆಗೆ ಮತ್ತದೇ ಪ್ರಶ್ನೆ: ಎಷ್ಟು ಗ್ರಾಂ, ಬಿಲ್ ಎಲ್ಲಿ, ಫೋಟೋ ಎಲ್ಲಿ.

ಮನೆಕೆಲಸದವರ ಮಾತು ಬಂದಾಗ ಒಂದು ಹೇಳಲೇಬೇಕು. ಚಿಕ್ಕಮ್ಮನ ಮನೆಯಲ್ಲೂ ಮೊದಲ ಅರ್ಧ ಗಂಟೆಯಲ್ಲೇ ಎಲ್ಲರ ಬಾಯಲ್ಲಿ ಬಂದದ್ದು ಪಾತ್ರೆ ತೊಳೆಯುವ ಹೆಂಗಸಿನ ಹೆಸರು. ಬೇಳೆ ಡಬ್ಬಿಯ ಗುಟ್ಟು ಇನ್ಯಾರಿಗೆ ಗೊತ್ತಿರುತ್ತದೆ ಎಂಬ ತರ್ಕ. ಹೆಡ್ ಕಾನ್‌ಸ್ಟೆಬಲ್ ನಕ್ಕರು. 'ಅಮ್ಮಾ, ಎಲ್ಲಾ ಡಬ್ಬೀನೂ ಬಗ್ಗಿಸಿದಾನೆ ನೋಡಿ. ಗೊತ್ತಿದ್ದವರು ಒಂದೇ ಡಬ್ಬಿ ಬಗ್ಗಿಸ್ತಿದ್ರು.' ರಾಗಿ, ಅಕ್ಕಿ, ಸಾಸಿವೆ, ಮೆಂತ್ಯ ಎಲ್ಲವೂ ನೆಲದಲ್ಲಿದ್ದವು. ನಮ್ಮ ಕಣ್ಣಿಗೆ ಬಿದ್ದದ್ದು ಬೇಳೆ ಮಾತ್ರ. ಆ ಹೆಂಗಸು ಅಂದು ಮಧ್ಯಾಹ್ನ ಬಂದು ಮಾತಿಲ್ಲದೆ ಅದನ್ನೆಲ್ಲ ಗುಡಿಸಿ, ಮೊರದಲ್ಲಿ ಕೇರಿ, ಬೇರೆ ಬೇರೆ ಮಾಡಿಕೊಟ್ಟರು. ಅನುಮಾನಕ್ಕೆ ಇಲ್ಲಿ ಉದ್ದನೆಯ ಚರಿತ್ರೆಯೇ ಇದೆ. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳನ್ನು ಇಡಿಯಾಗಿ ಹುಟ್ಟು ಅಪರಾಧಿಗಳೆಂದು ಕಾಯ್ದೆ ಮಾಡಿ ಪಟ್ಟಿಗೆ ಹಾಕಿದರು, ತಂತಿಬೇಲಿಯ ವಸಾಹತುಗಳಲ್ಲಿ ಕೂಡಿಟ್ಟರು. ಕಾಯ್ದೆ 1952ರಲ್ಲಿ ಹೋಯಿತು. ಹುಬ್ಬಳ್ಳಿಯ ಒಂದು ಬಡಾವಣೆಯನ್ನು ಜನ ಇಂದಿಗೂ 'ಸೆಟ್ಲಮೆಂಟ್' ಎಂದೇ ಕರೆಯುತ್ತಾರೆ. ಊರಲ್ಲಿ ಕಳವಾದಾಗ ಕೆಲವರ ಬೆರಳು ಇಂದಿಗೂ ತಾನಾಗೇ ಅತ್ತ ತಿರುಗುತ್ತದೆ.

ಗುರುತು

ಕದ್ದ ಚಿನ್ನ ಒಂದೋ ಅಡವಿನ ಅಂಗಡಿಗೆ ಹೋಗುತ್ತದೆ, ಇಲ್ಲವೇ ಕರಗಿ ಗಟ್ಟಿಯಾಗುತ್ತದೆ. ಕದ್ದದ್ದೆಂದು ಗೊತ್ತಿದ್ದೂ ಕೊಳ್ಳುವುದು ಅಪರಾಧ. ಅದಕ್ಕೆಂದೇ ನ್ಯಾಯ ಸಂಹಿತೆಯಲ್ಲಿ 317ನೇ ಕಲಮಿದೆ. ಆದರೆ ಕುಲುಮೆಗೆ ಇಳಿದ ಮೇಲೆ ಅವಲಕ್ಕಿ ಸರವೂ ಬಳೆಯೂ ಒಂದೇ. ಹಾಗಾಗಿ ಮೊದಲ ದಿನದ ದೂರಿನಲ್ಲಿ ಎಷ್ಟು ನಿಖರವಾದ ವಿವರ ಇದೆಯೋ ಅಷ್ಟೇ ನಮ್ಮ ಬಲ. ತೂಕ, ಅಗಲ, ಮುತ್ತು ಎಷ್ಟು, ಕೊಂಡಿ ಎಂಥದ್ದು, ಎಲ್ಲಿ ಬೆಸುಗೆ ಹಾಕಿಸಿದೆ. 2021ರಿಂದೀಚೆಗೆ ಹಾಲ್‌ಮಾರ್ಕಿನ ಒಡವೆಗಳಿಗೆ ಎಚ್‌ಯುಐಡಿ ಎಂಬ ಆರು ಅಕ್ಷರ–ಅಂಕಿಗಳ ಗುರುತು ಬಂದಿದೆ. 2023ರ ಏಪ್ರಿಲ್‌ನಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಒಂದೊಂದು ಒಡವೆಗೆ ಒಂದೊಂದೇ ಸಂಖ್ಯೆ. ಭೂತಗನ್ನಡಿ ಹಿಡಿದು ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದಿಟ್ಟವರನ್ನು ನಾನಿನ್ನೂ ನೋಡಿಲ್ಲ. ಹಳೆಯ ಒಡವೆಗೆ ಅಂಥ ಗುರುತು ಇಲ್ಲ, ಆದರೆ ಪರಿಚಯದ ಅಕ್ಕಸಾಲಿಯ ತಕ್ಕಡಿಯ ಮೇಲಿಟ್ಟು, ಅಂಕಿ ಕಾಣುವಂತೆ ಮೊಬೈಲಿನಲ್ಲಿ ಎರಡೂ ಕಡೆಯ ಫೋಟೋ ತೆಗೆಯಲು ಒಂದು ಸಂಜೆ ಸಾಕು.

ಬರೆದಿಡಲು ಜನ ಹೆದರುವುದಕ್ಕೆ ಇನ್ನೊಂದು ಕಾರಣ ತೆರಿಗೆ. ಇದ್ದಷ್ಟು ಹೇಳಿದರೆ 'ಇಷ್ಟೊಂದು ಎಲ್ಲಿಂದ ಬಂತು' ಎನ್ನುತ್ತಾರೆಂದು ದೂರಿನಲ್ಲೂ ತೂಕ ಇಳಿಸುವವರಿದ್ದಾರೆ. ಆದಾಯ ತೆರಿಗೆಯವರ 1994ರ ಸೂಚನೆಯ ಪ್ರಕಾರ, ದಾಳಿಯ ವೇಳೆಯಲ್ಲೂ ಮದುವೆಯಾದ ಹೆಣ್ಣಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆಯನ್ನು ಜಪ್ತಿ ಮಾಡುವಂತಿಲ್ಲ. ನಮ್ಮ ಮಧ್ಯಮವರ್ಗದ ಬಹುತೇಕ ಬೀರುಗಳು ಅದರೊಳಗೇ ಬರುತ್ತವೆ. ಇಳಿಸಿ ಹೇಳಿದ ಗ್ರಾಮನ್ನು ಆಮೇಲೆ ಏರಿಸುವುದು ಮಾತ್ರ ಬಹಳ ಕಷ್ಟ.

ಮಾಲು ಸಿಕ್ಕರೂ ಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತದೆ ಎಂಬ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟು, ಒಡವೆಗಳಿಗೆ ವಿವರವಾದ ಪಂಚನಾಮೆ ಮಾಡಿ, ಫೋಟೋ ತೆಗೆದು, ಬಾಂಡು ಬರೆಸಿಕೊಂಡು ಮಾಲೀಕರಿಗೆ ಕೊಟ್ಟುಬಿಡಿ, ಠಾಣೆಯಲ್ಲಿ ಇಟ್ಟುಕೊಂಡು ಪ್ರಯೋಜನವಿಲ್ಲ ಎಂದಿದೆ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ಮಾಲು ಹಿಂದಿರುಗಿಸುವ ಕಾರ್ಯಕ್ರಮಗಳಲ್ಲಿ ಇದನ್ನು ನೋಡಬಹುದು.

ಚಿಕ್ಕಮ್ಮನಿಗೂ ಹನ್ನೊಂದು ತಿಂಗಳ ಮೇಲೆ ಕರೆ ಬಂತು. ಮೈದಾನದಲ್ಲಿ ಶಾಮಿಯಾನ, ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ, ಚೀಟಿ ಅಂಟಿಸಿದ ಪ್ಲಾಸ್ಟಿಕ್ ಕವರುಗಳಲ್ಲಿ ಯಾರ್ಯಾರದೋ ಮಾಂಗಲ್ಯ, ಉಂಗುರ. ಬಳೆಗಳು ಕರಗಿ ಹೋಗಿದ್ದವು. ಒಂದು ಕವರಿನ ಮುಂದೆ ಅವರು ನಿಂತರು. ಅವಲಕ್ಕಿ ಸರ. ಅದರ ಕೊಂಡಿಯಲ್ಲಿ ಮಾಸಿದ ಕೆಂಪು ದಾರ ಇನ್ನೂ ಸುತ್ತಿಕೊಂಡಿತ್ತು. ದೂರಿನಲ್ಲೂ ಆ ಸಾಲು ಇತ್ತು. ತೂಗಿ ನೋಡಿದರೆ ಮೂವತ್ತೆರಡಲ್ಲ, ಇಪ್ಪತ್ತೇಳೂವರೆ ಗ್ರಾಂ. ಅತ್ತೆ ಅರ್ಧ ಪವನಿಗೂ ಹೆಚ್ಚು ಉತ್ಪ್ರೇಕ್ಷೆ ಮಾಡಿದ್ದರು.

ಮುಂದಿನ ಭಾನುವಾರ ನಾನೇ ಕೂತು ಪಟ್ಟಿ ಮಾಡಿಸಿದೆ. ಒಂದೊಂದರ ತೂಕ, ಗುರುತು, ಫೋಟೋ. ಎರಡು ಪ್ರತಿ ತೆಗೆಸಿ, ಒಂದನ್ನು ಮಗಳ ಮನೆಗೆ ಕಳಿಸಿ ಎಂದು ಹೇಳಿ ಬಂದೆ. ಕಳೆದ ತಿಂಗಳು ತುಮಕೂರಿಗೆ ಹೋದಾಗ ಕೇಳಿದೆ, 'ಚಿಕ್ಕಮ್ಮ, ಆ ಪಟ್ಟಿ ಎಲ್ಲಿಟ್ಟಿದ್ದೀರಿ?'

ಅವರು ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. 'ಭದ್ರವಾಗಿದೆ ಬಿಡಪ್ಪಾ. ಎರಡೂ ಪ್ರತೀನ ಒಡವೆ ಡಬ್ಬಿ ಒಳಗೇ ಇಟ್ಟಿದೀನಿ.'